ಹಳೆ ಕಾರಿನ ಸದ್ದು: ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ನೋಡಬಹುದಾದದ್ದು

ನಮ್ಮ ಮನೆಯಲ್ಲಿರುವುದು 2008ರ ಸ್ಯಾಂಟ್ರೋ. ಅಪ್ಪ ಕೊಂಡ ಕಾರು, ಈಗ ನಾನು ಓಡಿಸುತ್ತಿದ್ದೇನೆ. ಬೆಂಗಳೂರಿನ ಬನಶಂಕರಿಯಿಂದ ದಿನಾ ಆಫೀಸಿಗೆ ಹೋಗಿ ಬರುವುದು, ಹಬ್ಬ ಬಂದರೆ ತುಮಕೂರಿನ ಕಡೆ ಒಂದು ಓಟ. 15 ವರ್ಷ ದಾಟಿದ ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ನೋಂದಣಿಯನ್ನು ಇನ್ನೂ 5 ವರ್ಷಕ್ಕೆ ಮುಂದುವರಿಸಿದ್ದೇವೆ. ಇಂಜಿನ್ ಚೆನ್ನಾಗಿದೆ, ಬಾಡಿಯೂ ಗಟ್ಟಿಯಾಗಿದೆ. ಆದರೆ ಹಳೆ ಕಾರು ಅಂದ ಮೇಲೆ ಒಂದಲ್ಲ ಒಂದು ಸದ್ದು ಇದ್ದದ್ದೇ.

ಮೊದಮೊದಲು ನಾನು ಮೆಕ್ಯಾನಿಕ್ ಹತ್ತಿರ ಹೋಗಿ "ಅಣ್ಣ, ಮುಂದಗಡೆ ಏನೋ ಸದ್ದು ಬರ್ತಿದೆ" ಅನ್ನುತ್ತಿದ್ದೆ. ಒಂದು ದಿನ ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಅಕ್ಕ, ಸದ್ದು ಎಲ್ಲಿ ಬರುತ್ತೆ ಅನ್ನೋದನ್ನ ನಾನು ಹುಡುಕ್ತೀನಿ. ಯಾವಾಗ ಬರುತ್ತೆ ಅನ್ನೋದನ್ನ ನೀವು ಹೇಳ್ಬೇಕು." ಆ ಮಾತು ನನಗೆ ಬಹಳ ದುಡ್ಡು ಉಳಿಸಿದೆ. ಕಾರಿನೊಳಗೆ ಸದ್ದು ತಗಡಿನ ಮೂಲಕ ಎಲ್ಲೆಲ್ಲೋ ಹರಿದು ಬರುತ್ತದೆ. ಹಿಂದಿನ ಚಕ್ರದ ಸದ್ದು ಸೀಟಿನ ಕೆಳಗೆ ಕೇಳಿಸಬಹುದು. ಹಾಗಾಗಿ ಎಲ್ಲಿಂದ ಅನ್ನುವುದರಲ್ಲಿ ಕಿವಿ ಮೋಸ ಹೋಗುತ್ತದೆ. ಯಾವಾಗ ಅನ್ನುವುದರಲ್ಲಿ ಮೋಸ ಹೋಗುವುದು ಕಡಿಮೆ.

ಮೊದಲು ಒಂದು ಚೀಟಿ ಬರೆದುಕೊಳ್ಳಿ

ಎರಡು ದಿನ ರೇಡಿಯೋ ಹಾಕಬೇಡಿ, ಎಸಿ ಫ್ಯಾನ್ ಆರಿಸಿ, ಕಿಟಕಿ ಇಳಿಸಿ ಓಡಿಸಿ. ಸದ್ದು ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ನಿಂತಾಗಲೂ ಬರುತ್ತದಾ, ಓಡುವಾಗ ಮಾತ್ರವಾ? ಬ್ರೇಕ್, ಕ್ಲಚ್, ಸ್ಟೀರಿಂಗ್, ಹಂಪು, ಎಸಿ, ಇವುಗಳಲ್ಲಿ ಯಾವುದರ ಜೊತೆ ಅದಕ್ಕೆ ನಂಟು? ಸಿಗ್ನಲ್‌ನಲ್ಲಿ ನಿಂತಾಗ ನೆನಪಾದದ್ದನ್ನು ಮನೆಗೆ ಬಂದ ಕೂಡಲೇ ಚೀಟಿಯಲ್ಲಿ ಬರೆದುಬಿಡಿ.

ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಬಯಲಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ಆಗಲೂ ಅದೇ ಸದ್ದು ಬಂದು, ಇಂಜಿನ್ ಜೊತೆಗೇ ಏರಿಳಿದರೆ ಅದು ಇಂಜಿನ್, ಬೆಲ್ಟ್ ಅಥವಾ ಸೈಲೆನ್ಸರ್ ಕಡೆಯದು. ನಿಂತಾಗ ಸದ್ದೇ ಇಲ್ಲ, ಓಡುವಾಗ ಮಾತ್ರ ಅಂದರೆ ಟೈರು, ಬೇರಿಂಗು, ಬ್ರೇಕು, ಸಸ್ಪೆನ್ಷನ್ ಕಡೆ ನೋಡಬೇಕು. ಇನ್ನೊಂದು ಉಪಾಯವೂ ಇದೆ. ಉದ್ದನೆ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ ನಿಧಾನಕ್ಕೆ ಹೋಗಿ. ಗೋಡೆಗೆ ಬಡಿದು ವಾಪಸ್ ಬರುವ ಸದ್ದಿನಲ್ಲಿ ಚಕ್ರದ ತೊಂದರೆ ಬಹಳ ಸ್ಪಷ್ಟವಾಗಿ ಕೇಳುತ್ತದೆ.

ಇನ್ನು ಜಾಗ್ರತೆಯ ಮಾತು. ಇಂಜಿನ್ ಓಡುತ್ತಿರುವಾಗ ಬಾನೆಟ್ ಕೆಳಗೆ ಕೈ ಹಾಕಬೇಡಿ. ದುಪಟ್ಟಾ, ಸೆರಗು, ಉದ್ದ ಕೂದಲು, ಕೈಬಳೆ, ಕೊರಳ ಸರ, ಯಾವುದೂ ಬೆಲ್ಟಿನ ಹತ್ತಿರ ಜೋತುಬೀಳಬಾರದು. ರೇಡಿಯೇಟರ್ ಫ್ಯಾನು ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಾನಾಗಿಯೇ ತಿರುಗಲು ಶುರುವಾಗುತ್ತದೆ. ಮತ್ತೆ, ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ. ಜಾಕಿ ಇರುವುದು ಚಕ್ರ ಬದಲಿಸುವುದಕ್ಕೆ ಮಾತ್ರ.

ಕಾರಿನೊಳಗೇ ಲೊಟಲೊಟ, ಕಿರಕಿರ

ಖರ್ಚಿಲ್ಲದ ಕೆಲಸದಿಂದ ಶುರು ಮಾಡೋಣ. ಕಾರನ್ನು ಪೂರ್ತಿ ಖಾಲಿ ಮಾಡಿ. ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ಚಿಲ್ಲರೆ ಕಾಸು, ಡಿಕ್ಕಿಯಲ್ಲಿ ಬಿಗಿಯಿಲ್ಲದೆ ಕೂತಿರುವ ಜಾಕಿ ಮತ್ತು ಸ್ಪ್ಯಾನರ್, ಬೋಲ್ಟ್ ಸಡಿಲಾದ ಸ್ಟೆಪ್ನಿ, ಇವೆಲ್ಲ ಸಸ್ಪೆನ್ಷನ್ ಹೋದಂತೆಯೇ ಸದ್ದು ಮಾಡುತ್ತವೆ. ಹಿಂದಿನ ಸೀಟಿನ ಬೆಲ್ಟಿನ ಬಕಲ್ ಪಕ್ಕದ ಪ್ಲಾಸ್ಟಿಕ್‌ಗೆ ಬಡಿಯುತ್ತಿರಬಹುದು. ಹಿಂದಿನ ನಂಬರ್ ಪ್ಲೇಟ್ ಸಡಿಲಾಗಿದ್ದರೆ ಡಿಕ್ಕಿ ಬಾಗಿಲೇ ಅಲುಗಿದ ಹಾಗೆ ಕೇಳುತ್ತದೆ.

ಖಾಲಿ ಮಾಡಿದ ಮೇಲೂ ಸದ್ದು ಉಳಿದರೆ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೋಗಿ. ಅವರು ಡ್ಯಾಶ್‌ಬೋರ್ಡ್, ಬಾಗಿಲಿನ ಪ್ಯಾಡ್, ಸ್ಪೀಕರ್ ಜಾಲರಿ ಒಂದೊಂದನ್ನೇ ಒತ್ತಿ ಹಿಡಿಯಲಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಕ್ಲಿಪ್ ಮುರಿದಿರುತ್ತದೆ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಕ್ಲಿಪ್ ಹಳೆ ಕಾರಿನಲ್ಲಿ ಮುರಿಯುವುದು ಸಹಜ. ಮಧ್ಯೆ ಒಂದು ತುಂಡು ಫೆಲ್ಟ್ ಅಥವಾ ತೆಳು ಸ್ಪಂಜು ಇಟ್ಟರೆ ಸಾಕು.

ವೇಗವಾಗಿ ಹೋದಾಗ ಮಾತ್ರ ಗಾಳಿ ಸೀಟಿ ಹೊಡೆದ ಹಾಗೆ ಕೇಳಿದರೆ ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ನೋಡಿ. ಬಾಗಿಲಿಗೆ ಒಂದು 10 ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸ್ವಲ್ಪವೂ ಹಿಡಿತವಿಲ್ಲದೆ ಬಂದುಬಿಟ್ಟರೆ ಆ ಜಾಗದಲ್ಲಿ ರಬ್ಬರ್ ಸತ್ತಿದೆ.

ಎಸಿ ಫ್ಯಾನ್ ಹಾಕಿದಾಗ ಪಟಪಟ

ಇದು ನಮ್ಮ ಊರಿನ ತೊಂದರೆ ಅಂತಲೇ ಹೇಳಬೇಕು. ಹೊಂಗೆ ಮರದ ನೆರಳು ಸಿಕ್ಕರೆ ಅಲ್ಲೇ ಕಾರು ನಿಲ್ಲಿಸುತ್ತೇವೆ, ಅಲ್ವಾ? ಯುಗಾದಿಗೆ ಮುಂಚೆ ಆ ಎಲೆಗಳೆಲ್ಲ ಉದುರಿ, ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯೊಳಗೆ ಸೇರುತ್ತವೆ. ಅಲ್ಲಿಂದ ಬ್ಲೋವರ್ ಫ್ಯಾನಿಗೆ. ಫ್ಯಾನಿನ ವೇಗ ಹೆಚ್ಚಿಸಿದ ಹಾಗೆ ಪಟಪಟ ಜೋರಾಗಿ, ಆರಿಸಿದರೆ ನಿಂತರೆ ಅದು ಎಲೆ, ಇಲ್ಲವೇ ಬ್ಲೋವರ್ ಮೋಟಾರು. ಗಾಜಿನ ಬುಡವನ್ನು ಕೈಯಲ್ಲೇ ಸ್ವಚ್ಛ ಮಾಡಿ. ಕ್ಯಾಬಿನ್ ಫಿಲ್ಟರ್ ಇರುವ ಕಾರಾದರೆ ಅದನ್ನೂ ತೆಗೆದು ನೋಡಿ. ಇಲಿ ಗೂಡು ಕಟ್ಟಿದ್ದರೂ ಇದೇ ಸದ್ದು ಬರುತ್ತದೆ. ಹಾಗಿದ್ದರೆ ಬಾನೆಟ್ ಕೆಳಗಿನ ವೈರುಗಳನ್ನು ಕಚ್ಚಿದೆಯಾ ಅಂತ ಅವತ್ತೇ ನೋಡಿಸಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂ...

ಮಳೆ ಬಂದ ಮಾರನೇ ಬೆಳಿಗ್ಗೆ, ಇಲ್ಲವೇ ಡಿಸೆಂಬರ್ ಚಳಿಯಲ್ಲಿ, ಸ್ಟಾರ್ಟ್ ಮಾಡಿದ ತಕ್ಷಣ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಎಸಿ ಹಾಕಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮತ್ತೆ ಶುರು. ಇದು ಬಹುತೇಕ ಫ್ಯಾನ್ ಬೆಲ್ಟ್. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಕೆಲವು ಕಾರುಗಳಲ್ಲಿ ಪವರ್ ಸ್ಟೀರಿಂಗ್ ಪಂಪನ್ನೂ ತಿರುಗಿಸುವ ಬೆಲ್ಟ್ ಅದು. ಸ್ಟಾರ್ಟ್ ಮಾಡಿದ ಹೊಸದರಲ್ಲಿ ಬ್ಯಾಟರಿ ತುಂಬಿಸಲು ಆಲ್ಟರ್ನೇಟರ್ ಜಾಸ್ತಿ ಭಾರ ಹೊರುತ್ತದೆ. ಸಡಿಲಾದ, ಒದ್ದೆಯಾದ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಕಿರುಚುತ್ತದೆ.

ಇಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು ಬೆಲ್ಟ್ ನೋಡಿ. ಅಡ್ಡ ಬಿರುಕು ಇದೆಯಾ, ಅಂಚಿನಲ್ಲಿ ನೂಲು ಎದ್ದಿದೆಯಾ, ಒಳಮೈ ಗಾಜಿನ ಹಾಗೆ ಹೊಳೆಯುತ್ತಿದೆಯಾ? ಯಾವುದಿದ್ದರೂ ಬದಲಿಸಿ. ಚೆನ್ನಾಗಿದ್ದರೆ, ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ ದೂರ ಸರಿದು ಸ್ಟಾರ್ಟ್ ಮಾಡಿ. ಸದ್ದು ಜೋರಾದರೆ ಬೆಲ್ಟ್ ಸಡಿಲಾಗಿ ಜಾರುತ್ತಿದೆ. ಕೆಲವು ಸೆಕೆಂಡು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲದಿರಬಹುದು. ನೀರಿಗೆ ಏನೂ ಬದಲಾಗದಿದ್ದರೆ ಬೆಲ್ಟಿನ ತಪ್ಪಲ್ಲ, ಆಲ್ಟರ್ನೇಟರ್ ಅಥವಾ ಪುಲ್ಲಿಯ ಬೇರಿಂಗ್ ನೋಡಿಸಬೇಕು. ಬೇರಿಂಗಿನ ಸದ್ದು ಕಿರುಚಲು ಅಲ್ಲ, ಗರಗರ.

ಬೆಲ್ಟಿಗೆ ಸೋಪು, ಪೌಡರ್, ಎಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಎಣ್ಣೆ ರಬ್ಬರನ್ನು ತಿನ್ನುತ್ತದೆ, ಜಾರುವುದು ಇನ್ನೂ ಜಾಸ್ತಿಯಾಗುತ್ತದೆ. ಕೆಲವು ಕಾರುಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತದೆ. ಅಲ್ಲಿ ಬೆಲ್ಟ್ ಹರಿದರೆ ಇಂಜಿನ್ ಬೇಗ ಕಾಯುತ್ತದೆ. ಓಡುವಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡು, ಟೆಂಪರೇಚರ್ ಮುಳ್ಳೂ ಏರಿದರೆ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿ.

ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬೇರೆ ವಿಷಯ. ನಮ್ಮ ಸ್ಯಾಂಟ್ರೋ, ಮಾರುತಿ 800, ಹಳೆ ಜೆನ್, ಎಸ್ಟೀಮ್ ಇವುಗಳಲ್ಲಿ ಅದು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡದೆ ಹರಿಯುತ್ತದೆ. ಅದಕ್ಕೆ ಕಿವಿ ನಂಬಬೇಡಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿರುವ ಕಿಲೋಮೀಟರು, ವರ್ಷ ನೋಡಿ ಬದಲಿಸಿ. ಸೆಕೆಂಡ್ ಹ್ಯಾಂಡ್ ಕೊಂಡ ಕಾರಿಗೆ ಹಿಂದಿನ ಬಿಲ್ ಇಲ್ಲದಿದ್ದರೆ ಮೊದಲ ಕೆಲಸ ಇದೇ ಆಗಲಿ.

ಕೆಳಗಿನಿಂದ ತಗಡಿನ ಝಣಝಣ, ಇಲ್ಲವೇ ಟ್ರ್ಯಾಕ್ಟರ್ ಹಾಗೆ ಗುಡುಗು

ಸಿಗ್ನಲ್‌ನಲ್ಲಿ ನಿಂತಾಗ ಝಣಝಣ, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮಾಯ. ಹೀಗಿದ್ದರೆ ಸೈಲೆನ್ಸರ್ ಪೈಪಿನ ಮೇಲಿರುವ ಶಾಖ ತಡೆಯುವ ತೆಳು ತಗಡು ಸಡಿಲಾಗಿದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕಾರು ನೆಲದ ಮೇಲಿರುವಾಗಲೇ, ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿದರೆ ಗೊತ್ತಾಗುತ್ತದೆ. ಮೆಕ್ಯಾನಿಕ್ ಒಂದು ಕ್ಲಾಂಪ್ ಹಾಕಿ ಬಿಗಿದರೆ ಮುಗಿಯಿತು. ತಗಡನ್ನು ಕಿತ್ತು ಬಿಸಾಡಬೇಡಿ. ಬಿಸಿ ಪೈಪಿನಿಂದ ಕಾರಿನ ತಳವನ್ನು, ಒಣ ಎಲೆಯ ಮೇಲೆ ನಿಲ್ಲಿಸಿದಾಗ ಬೆಂಕಿಯನ್ನು ತಡೆಯುವುದು ಅದೇ. ಸೈಲೆನ್ಸರ್ ತೂಗುವ ರಬ್ಬರ್ ಹರಿದಿದ್ದರೆ ಹಂಪಿನ ಮೇಲೆ ಪೈಪು ತಳಕ್ಕೆ ಬಡಿಯುತ್ತದೆ. ಇದೂ ಚಿಕ್ಕ ಖರ್ಚು.

ಗುಡುಗಿನಂಥ ಸದ್ದು ಬಂದರೆ ಸೈಲೆನ್ಸರ್ ತೂತಾಗಿದೆ. ಇಂಧನ ಉರಿದಾಗ ನೀರಾವಿ ಹುಟ್ಟುತ್ತದೆ. ಉದ್ದ ಓಟದಲ್ಲಿ ಪೈಪು ಕಾದು ಅದು ಹೊರಗೆ ಹೋಗುತ್ತದೆ. ದಿನಾ 2 ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಆ ನೀರು ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಡಲು, ತರಕಾರಿ ತರಲು ಮಾತ್ರ ಓಡುವ ಕಾರುಗಳ ಸೈಲೆನ್ಸರ್ ಬೇಗ ಹೋಗುವುದು ಇದಕ್ಕೇ. ಬೆಳಿಗ್ಗೆ ತಣ್ಣಗಿದ್ದಾಗ ಇಂಜಿನ್ ಹತ್ತಿರವೇ ಚಟ್ ಚಟ್ ಅಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಇಂಜಿನ್ನಿನಿಂದ ಹೊಗೆಯನ್ನು ಪೈಪಿಗೆ ಸೇರಿಸುವ ಮ್ಯಾನಿಫೋಲ್ಡಿನಲ್ಲಿ ಬಿರುಕು ಅಥವಾ ಗ್ಯಾಸ್ಕೆಟ್ ಸೋರಿಕೆ ಇರಬಹುದು. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ.

ಇದನ್ನು ಬರೀ ಸದ್ದಿನ ತೊಂದರೆ ಅಂದುಕೊಳ್ಳಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನಲ್ಲಿ ಕೂತಾಗ ತಲೆನೋವು, ತಲೆಸುತ್ತು, ಓಕರಿಕೆ ಬಂದು, ಹೊರಗೆ ಬಂದರೆ ಸರಿಹೋದರೆ ಆ ಕಾರನ್ನು ಓಡಿಸಬೇಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುತ್ತಾ ಸದ್ದು ಹುಡುಕಲೇಬೇಡಿ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಸದ್ದು ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಬ್ರೇಕ್ ಹಿಡಿದಾಗ ಕಿರ್ರ್

ಮಳೆಯಲ್ಲಿ ನಿಂತ ಕಾರನ್ನು ಬೆಳಿಗ್ಗೆ ತೆಗೆದಾಗ ಮೊದಲ ಮೂರು ನಾಲ್ಕು ಬ್ರೇಕಿಗೆ ಕರಕರ ಅಂದು ನಿಂತರೆ ಚಿಂತೆ ಬೇಡ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನ ಮೇಲೆ ರಾತ್ರಿ ಹಿಡಿದ ತೆಳು ತುಕ್ಕು ಅದು.

ದಿನವಿಡೀ ತೆಳುವಾಗಿ ಕೀಚ್ ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದಿದೆ. ಎಷ್ಟೋ ಪ್ಯಾಡುಗಳಲ್ಲಿ ಒಂದು ಚಿಕ್ಕ ಲೋಹದ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಇಟ್ಟಿರುವುದು. ಪ್ಯಾಡಿನ ದಪ್ಪ 3 ಮಿಲಿಮೀಟರ್‌ಗೆ ಇಳಿದರೆ ಬದಲಿಸಿ. ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ನಿಧಾನಕ್ಕೆ ಇಳಿದಿದ್ದರೆ ಅದೂ ಪ್ಯಾಡ್ ಸವೆತದ ಗುರುತು. ಮಟ್ಟ ಬೇಗ ಇಳಿಯುತ್ತಿದ್ದರೆ ಸೋರಿಕೆ, ಅದಕ್ಕೆ ತಡ ಮಾಡಬಾರದು.

ಲೋಹಕ್ಕೆ ಲೋಹ ಉಜ್ಜಿದಂತೆ ಗರ್ರ್ ಅಂದರೆ ಅಲ್ಲಿಗೆ ಓಟ ನಿಲ್ಲಿಸಿ. ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣದ ತಗಡು ಡಿಸ್ಕನ್ನು ಕೊರೆಯುತ್ತಿದೆ. ಬ್ರೇಕ್ ಹಿಡಿತ ಯಾವ ಕ್ಷಣದಲ್ಲಾದರೂ ಕೈಕೊಡಬಹುದು. ಮೆಕ್ಯಾನಿಕ್‌ನನ್ನು ಕಾರಿರುವ ಜಾಗಕ್ಕೇ ಕರೆಸಿ, ಇಲ್ಲವೇ ಟೋ ಮಾಡಿಸಿ.

ಇನ್ನೊಂದಿದೆ. ಬ್ರೇಕ್ ಹಿಡಿಯದಿದ್ದರೂ ಒಮ್ಮೆಲೇ ಜೋರು ಕಿರುಚಾಟ ಶುರುವಾಗಿ ಎದೆ ಝಲ್ಲೆನ್ನಿಸುತ್ತದೆ. ರಸ್ತೆ ಕೆಲಸ ನಡೆಯುವ ಕಡೆ ಹೋಗಿಬಂದಿದ್ದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿ ಸಿಕ್ಕಿರುತ್ತದೆ. ಖಾಲಿ ಜಾಗದಲ್ಲಿ ನಿಧಾನಕ್ಕೆ ಸ್ವಲ್ಪ ಹಿಂದೆ, ಮುಂದೆ ಓಡಿಸಿದರೆ ಎಷ್ಟೋ ಸಲ ಬಿದ್ದುಹೋಗುತ್ತದೆ.

ಹಂಪು, ಗುಂಡಿ ಬಂದಾಗ ದಡಕ್, ಲಟಕ್

ಬೆಂಗಳೂರಿನಲ್ಲಿ ಹಳೆ ಕಾರಿನ ಸದ್ದು ಅಂದರೆ ಮುಕ್ಕಾಲು ಪಾಲು ಇದೇ. ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಿಗಳು ತುಂಬಿರುತ್ತವೆ. ನೀರು ನಿಂತ ಗುಂಡಿ ಕಾಣುವುದೂ ಇಲ್ಲ. ಪ್ರತಿ ಗುಂಡಿಯ ಏಟನ್ನೂ ತಿನ್ನುವುದು ಒಂದಷ್ಟು ರಬ್ಬರ್ ಬುಷ್‌ಗಳು, ಒಂದೆರಡು ಗುಂಡುಕೀಲುಗಳು, ಅಂದರೆ ಬಾಲ್ ಜಾಯಿಂಟ್‌ಗಳು.

ಚಿಕ್ಕ ಚಿಕ್ಕ ಏರುಪೇರಿಗೂ ಲಟಕ್ ಲಟಕ್ ಅಂದರೆ ಮೊದಲ ಅನುಮಾನ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಸರಳಿನ ಲಿಂಕ್ ರಾಡ್ ಮತ್ತು ಬುಷ್ ಮೇಲೆ. ಇವು ಅಗ್ಗ, ಬದಲಿಸುವುದೂ ಸುಲಭ. ದೊಡ್ಡ ಹಂಪು ಇಳಿದಾಗ ಮಾತ್ರ ದಡಕ್ ಅಂದರೆ ಶಾಕ್ ಅಬ್ಸಾರ್ಬರ್ ನೋಡಿ. ಕಾರಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಅದು ಹೋಗಿದೆ. ಶಾಕಿನ ಮೈಯೆಲ್ಲ ಎಣ್ಣೆ ಒಸರಿದ್ದರೂ ಅದೇ ಅರ್ಥ. ಬದಲಿಸುವಾಗ ಎಡಬಲ ಜೋಡಿಯಾಗಿ ಬದಲಿಸಿ. ಒಂದು ಹೊಸದು, ಒಂದು ಹಳೆಯದಾದರೆ ಕಾರು ಬ್ರೇಕಿನಲ್ಲಿ ಒಂದು ಕಡೆಗೆ ವಾಲುತ್ತದೆ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಮುಂದೆ ಟಂಯ್ ಅಂತ ಸ್ಪ್ರಿಂಗ್ ಮಿಡಿದಂತೆ ಕೇಳಿದರೆ ಶಾಕಿನ ತಲೆಯಲ್ಲಿರುವ ಮೌಂಟ್ ಹಾಳಾಗಿದೆ. ಬ್ರೇಕ್ ಹಿಡಿದ ಕ್ಷಣಕ್ಕೆ ಒಂದೇ ಸಲ ಧಡ್ ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬುಷ್.

ಇಲ್ಲಿ ಕಡೆಗಣಿಸಬಾರದ್ದು ಬಾಲ್ ಜಾಯಿಂಟ್. ಗುಂಡಿಗೆ ಬಿದ್ದಾಗ ಕಟಕ್ ಅನ್ನುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಕಿರಕಿರ ಅನ್ನುತ್ತದೆ, ಸ್ಟೀರಿಂಗ್ ಅಲೆದಾಡುವ ಹಾಗಾಗುತ್ತದೆ, ಮುಂದಿನ ಟೈರು ಒಂದೇ ಕಡೆ ಸವೆಯುತ್ತದೆ. ಅದು ಕಳಚಿದರೆ ಚಕ್ರ ಮಡಚಿಕೊಂಡು ಕಾರು ಹಿಡಿತ ತಪ್ಪುತ್ತದೆ. ಸದ್ದಿನ ಜೊತೆ ಸ್ಟೀರಿಂಗ್ ಸಡಿಲ ಅನ್ನಿಸಿದರೆ ಹೈವೇ ಕಡೆ ಹೋಗಲೇಬೇಡಿ, ಹತ್ತಿರದ ಗ್ಯಾರೇಜಿನಲ್ಲಿ ಅವತ್ತೇ ತೋರಿಸಿ.

ಅಂಡರ್‌ಪಾಸಿನ ನೀರಿನಲ್ಲಿ ಹಾದು ಬಂದ ಮೇಲೆ ಕೆಳಗೆ ಏನೋ ಎಳೆದಂತೆ ಕೇಳಿದರೆ, ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಕಳಚಿ ರಸ್ತೆಗೆ ಉಜ್ಜುತ್ತಿರುತ್ತದೆ. ನಿಲ್ಲಿಸಿ, ಬಗ್ಗಿ ನೋಡಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟ್ ಕಟ್ ಕಟ್

ಯು ಟರ್ನ್ ತೆಗೆದುಕೊಳ್ಳುವಾಗ, ಪಾರ್ಕಿಂಗಿನಿಂದ ತಿರುಗಿಸಿ ಹೊರಡುವಾಗ ಮುಂದಿನ ಚಕ್ರದಿಂದ ಲಯವಾಗಿ ಕಟ್ ಕಟ್ ಅಂದರೆ ಆಕ್ಸಲ್‌ನ ಸಿವಿ ಜಾಯಿಂಟ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗಲೂ ಚಕ್ರಕ್ಕೆ ಇಂಜಿನ್ನಿನ ಬಲ ಮುಟ್ಟಿಸುವ ಕೀಲು. ಅದರ ಮೇಲೆ ಕೊಳವೆಯಂಥ ರಬ್ಬರ್ ಬೂಟ್ ಇರುತ್ತದೆ. ಅದು ಹರಿದರೆ ಗ್ರೀಸ್ ಹೊರಗೆ ಚಿಮ್ಮಿ, ಧೂಳು ಒಳಗೆ ಹೋಗಿ, ಗುಂಡುಗಳು ಸವೆಯುತ್ತವೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಹೊರಗಿನಿಂದ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಸುತ್ತ ಕಪ್ಪು ಗ್ರೀಸ್ ಎರಚಿದ್ದರೆ ಬೂಟ್ ಹರಿದಿದೆ. ಸದ್ದು ಶುರುವಾಗುವ ಮುಂಚೆಯೇ ಇದನ್ನು ಕಂಡರೆ ಬರೀ ಬೂಟ್ ಮತ್ತು ಗ್ರೀಸಿನಲ್ಲಿ ಮುಗಿಯುತ್ತದೆ. ಸದ್ದು ಬಂದ ಮೇಲೆ ಜಾಯಿಂಟೇ ಹೋಗಿರುತ್ತದೆ.

ವೇಗ ಏರಿದಂತೆ ಗುಂಯ್ಯ್: ಟೈರಾ, ಬೇರಿಂಗಾ?

ನಾನು ದುಡ್ಡು ಕಳೆದುಕೊಂಡದ್ದು ಇಲ್ಲಿ. 40 ಕಿಲೋಮೀಟರ್ ವೇಗ ದಾಟಿದರೆ ವಿಮಾನ ದೂರದಲ್ಲಿ ಹಾರುವಂಥ ಸದ್ದು ಶುರುವಾಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಟೈರು ಹಳೆಯದಾಗಿವೆ ಅಂದರು. ನಾಲ್ಕೂ ಬದಲಿಸಿದೆ. ಗುಂಯ್ ಹಾಗೇ ಉಳಿಯಿತು. ಆಮೇಲೆ ನಮ್ಮ ಬೀದಿಯ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದರು. ಬಲಕ್ಕೆ ಒಂದು ಉದ್ದ ತಿರುವು ಬಂತು, ಸದ್ದು ಏರಿತು. "ಎಡಗಡೆ ಮುಂದಿನ ಬೇರಿಂಗ್" ಅಂದರು. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದಾಗ ಮರಳು ಬೀಸಿದ ಹಾಗೆ ಕೇಳಿತು. ಬೇರಿಂಗ್ ಬದಲಿಸಿದರು, ಕಾರು ಮೌನವಾಯಿತು.

ಅವರು ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು. ಕಾರು ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಸಾಮಾನ್ಯವಾಗಿ ಎಡ ಬೇರಿಂಗ್, ಎಡಕ್ಕೆ ತಿರುಗಿದಾಗ ಏರಿದರೆ ಬಲ ಬೇರಿಂಗ್. ಇದನ್ನು ಖಾಲಿ ರಸ್ತೆಯ ಅಗಲವಾದ ತಿರುವಿನಲ್ಲಿ, ಮಾಮೂಲಿ ವೇಗದಲ್ಲೇ ನೋಡಿ. ಟ್ರಾಫಿಕ್ಕಿನ ಮಧ್ಯೆ ಕಾರನ್ನು ಆ ಕಡೆ ಈ ಕಡೆ ಎಳೆದಾಡಬೇಡಿ.

ಟೈರಿನ ಸದ್ದಾದರೆ ರಸ್ತೆ ಬದಲಾದಾಗ ಬದಲಾಗುತ್ತದೆ. ನಮ್ಮಲ್ಲಿ ಇದಕ್ಕೆ ಒಳ್ಳೆ ಅನುಕೂಲವಿದೆ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ ಮುಗಿದು ಟಾರು ಶುರುವಾಗುವ ಜಾಗದಲ್ಲಿ ಅದೇ ವೇಗದಲ್ಲಿ ಹೋಗಿ ಕೇಳಿ. ಸದ್ದಿನ ದನಿಯೇ ಬದಲಾದರೆ ಟೈರು. ಎರಡರಲ್ಲೂ ಒಂದೇ ಥರ ಇದ್ದರೆ ಬೇರಿಂಗ್. ಟೈರಿನ ಮೈ ಮೇಲೆ ಅಂಗೈ ಆಡಿಸಿ. ಗರಗಸದ ಹಲ್ಲಿನ ಹಾಗೆ ಒಂದು ದಿಕ್ಕಿಗೆ ಚುಚ್ಚಿದರೆ, ಅಲ್ಲಲ್ಲಿ ತಗ್ಗು ಸಿಕ್ಕರೆ ಅಲೈನ್‌ಮೆಂಟ್ ಅಥವಾ ಶಾಕ್ ಕೆಟ್ಟು ಟೈರು ಹೀಗಾಗಿದೆ. ಸವೆದ ಟೈರಿನಲ್ಲಿ ಕಚ್ಚಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದು, ಅದು ನಿಯಮ. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ವೇಗದ ಜೊತೆ ಟಿಕ್ ಟಿಕ್ ಅಂದರೆ ಕಚ್ಚಿನಲ್ಲಿ ಜಲ್ಲಿಯೋ ಮೊಳೆಯೋ ಸಿಕ್ಕಿರಬಹುದು. ಮೊಳೆಯಾದರೆ ಅಲ್ಲೇ ಕೀಳಬೇಡಿ, ಪಂಕ್ಚರ್ ಅಂಗಡಿಗೆ ಹೋಗಿ ಕೀಳಿಸಿ. ಇತ್ತೀಚೆಗೆ ಚಕ್ರ ಬಿಚ್ಚಿ ಹಾಕಿದ ಮೇಲೆ ಟಕ್ ಟಕ್ ಶುರುವಾದರೆ ತಕ್ಷಣ ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ನೋಡಿ. ನಟ್ ಸಡಿಲಾದರೆ ಚಕ್ರವೇ ಕಳಚುತ್ತದೆ. ಒಂದಾದ ಮೇಲೆ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತಾ ಹೋಗಿ.

ಬೇರಿಂಗ್ ಅಂತ ಖಚಿತವಾದರೆ ಮುಂದೂಡಬೇಡಿ. ಗುಂಯ್ ಹೋಗಿ ಗರಗರ ಬಂದರೆ, ಚಕ್ರದ ನಡುಭಾಗ ಬಿಸಿಯಾಗಿದ್ದರೆ, ಆ ಕಾರನ್ನು ಓಡಿಸುವುದೇ ಬೇಡ.

ಕ್ಲಚ್ ಒತ್ತಿದಾಗ, ಬಿಟ್ಟಾಗ

ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಬಂದು, ಒತ್ತಿದರೆ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕು. ಹಾಗಾಗಿ ಕ್ಲಚ್ ಪ್ಲೇಟನ್ನೂ ಅದೇ ಸಲ ನೋಡಿಸಿ, ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಸಿಲ್ಕ್ ಬೋರ್ಡಿನಂಥ ಟ್ರಾಫಿಕ್ಕಿನಲ್ಲಿ ನಿಂತಾಗ ಗೇರ್ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ, ಈ ಬೇರಿಂಗ್ ಜಾಸ್ತಿ ದಿನ ಬಾಳುತ್ತದೆ.

ಇಂಜಿನ್ನಿನಿಂದಲೇ ಬರುವ ಸದ್ದು

ಏನೇ ಕೇಳಿದರೂ ಮೊದಲು ಆಯಿಲ್ ನೋಡಿ. ಸಮತಟ್ಟು ಜಾಗದಲ್ಲಿ, ಇಂಜಿನ್ ಆರಿಸಿ 10 ನಿಮಿಷ ಬಿಟ್ಟು, ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಇಳಿಸಿ ತೆಗೆಯಿರಿ. ಎರಡು ಗುರುತುಗಳ ನಡುವೆ ಇರಬೇಕು. ಹೊಲಿಗೆ ಯಂತ್ರದ ಹಾಗೆ ಮೇಲ್ಭಾಗದಲ್ಲಿ ಟಿಕಿಟಿಕಿ ಅಂದರೆ ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್. ಆಯಿಲ್ ಕಡಿಮೆಯಾಗಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿ ನೋಡಿ. ಆಮೇಲೂ ಉಳಿದರೆ ಟ್ಯಾಪೆಟ್ ಸರಿ ಮಾಡಿಸಬೇಕು.

ಹೆಬ್ಬಾಳದ ಫ್ಲೈಓವರ್ ಏರುವಾಗ ದೊಡ್ಡ ಗೇರಿನಲ್ಲೇ ಎಳೆಸಿದರೆ ಕಿಣಿಕಿಣಿ ಅನ್ನುತ್ತದೆಯಾ? ಅದು ನಾಕಿಂಗ್, ಇಂಧನ ಹದವಾಗಿ ಉರಿಯದೆ ಸಿಡಿಯುವ ಸದ್ದು. ಗೇರ್ ಇಳಿಸಿ. ಆಗಲೂ ಬಂದರೆ ಕಾರ್ಬನ್, ಪ್ಲಗ್, ಇಗ್ನಿಷನ್ ಟೈಮಿಂಗ್ ನೋಡಿಸಿ. ಬುಸ್ ಅನ್ನುವ ಸದ್ದಿನ ಜೊತೆ ಐಡಲಿಂಗ್ ಏರಿಳಿದರೆ ಗಾಳಿಯ ಪೈಪು ಬಿರಿದಿದೆ. ಬುಸ್ ಜೊತೆ ಹಬೆ ಬಂದರೆ ಕೂಲೆಂಟ್ ಸೋರುತ್ತಿದೆ. ಇಂಜಿನ್ ಆರಿಸಿ, ದೂರ ನಿಲ್ಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಎರಚುತ್ತದೆ.

ಟೈಮಿಂಗ್ ಬೆಲ್ಟಿನ ಬದಲು ಚೈನ್ ಇರುವ ಇಂಜಿನ್ನುಗಳಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡು ಸರಪಳಿ ಅಲುಗಿದಂತೆ ಕೇಳಿದರೆ ಟೈಮಿಂಗ್ ಚೈನ್, ಟೆನ್ಷನರ್ ನೋಡಿಸಿ. ದಿನೇ ದಿನೇ ಹೆಚ್ಚು ಹೊತ್ತು ಕೇಳುತ್ತಿದ್ದರೆ ತಡ ಮಾಡಬೇಡಿ.

ಕೊನೆಯದು, ಇಂಜಿನ್ನಿನ ಹೊಟ್ಟೆಯಿಂದ ಸುತ್ತಿಗೆಯಲ್ಲಿ ಬಡಿದಂತೆ ಢಬ್ ಢಬ್, ಆಕ್ಸಿಲರೇಟರ್ ಜೊತೆ ಜೋರಾಗುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿರಬಹುದು. ಮೀಟರಿನಲ್ಲಿ ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ಹೊತ್ತಿದರಂತೂ ಆ ಕ್ಷಣವೇ ಪಕ್ಕಕ್ಕೆ ಹಾಕಿ ಆರಿಸಿ. ಮನೆ ಇನ್ನು ಅರ್ಧ ಕಿಲೋಮೀಟರ್ ಅಂತ ಓಡಿಸಬೇಡಿ. ರಾಡ್ ಮುರಿದು ಬ್ಲಾಕ್ ಒಡೆದರೆ ಹಳೆ ಕಾರಿನ ಬೆಲೆಗಿಂತ ರಿಪೇರಿ ಜಾಸ್ತಿಯಾಗುತ್ತದೆ. ಹಜಾರ್ಡ್ ದೀಪ ಹಾಕಿ, ರಸ್ತೆಯಿಂದ ದೂರ ನಿಂತು ಟೋ ಗಾಡಿ ಕರೆಸಿ.

ಗ್ಯಾರೇಜಿನಲ್ಲಿ

ಚೀಟಿ ಕೈಗೆ ಕೊಡಿ. ಸಾಧ್ಯವಾದರೆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿರಿ. ರೆಕಾರ್ಡ್ ಮಾಡುವುದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರದಲ್ಲ. ಮೆಕ್ಯಾನಿಕ್ ಜೊತೆ ಒಂದು ಸುತ್ತು ಹೋಗಿ ಸದ್ದನ್ನು ಅವರ ಕಿವಿಗೇ ಕೇಳಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಬರುವ ಸದ್ದಾದರೆ ಹಿಂದಿನ ರಾತ್ರಿಯೇ ಕಾರು ಅಲ್ಲಿ ಬಿಟ್ಟು ಬನ್ನಿ.

ಯಾವ ಭಾಗ ಬದಲಿಸಬೇಕು, ಯಾಕೆ ಅಂತ ಕೇಳಿ. ಆ ಭಾಗದ ಸಡಿಲ ಎಲ್ಲಿದೆ ಅಂತ ಅವರು ಅಲುಗಿಸಿ ತೋರಿಸಬೇಕು. ಹಳೆ ಮಾಡೆಲಿನ ಭಾಗ ಶೋರೂಮಿನಲ್ಲಿ ಸಿಗದಿದ್ದರೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಹುಡುಕಬಹುದು. ಹೋಗುವಾಗ ಹಳೆ ಭಾಗವನ್ನು, ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ತೆಗೆದುಕೊಂಡು ಹೋಗಿ. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದಂತೆ ಭಾಗವೂ ಬದಲಾಗಿರುತ್ತದೆ. ಬ್ರೇಕ್, ಬೇರಿಂಗ್, ಬಾಲ್ ಜಾಯಿಂಟ್ ಇವುಗಳಲ್ಲಿ ಡುಪ್ಲಿಕೇಟ್ ಬೇಡವೇ ಬೇಡ, ಬಿಲ್ ಕೇಳಿ ತೆಗೆದುಕೊಳ್ಳಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುಂಚೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಹಂಪಿನ ಮೇಲೆ ಇನ್ನೊಮ್ಮೆ ಓಡಿಸಿ ಕೇಳಿ. ಚಕ್ರ ಬಿಚ್ಚಿದ್ದರೆ 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ. ಚೀಟಿಯ ಹಿಂದೆ ದಿನಾಂಕ, ಮೀಟರಿನ ಓದು, ಬದಲಿಸಿದ ಭಾಗ ಬರೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಡಿ.